ಶ್ರುತಿ ಕೂಡಿಸುವವನ ಪಾಲಿನ ದುಃಖ

“ಕೇಳಿಸ್ತೇನೇ?”

ಆಳೆತ್ತರದ ಕೊಳವೆಗಳಿಂದ ನುಡಿಯುವ ಆರ್ಗನ್ ವಾದ್ಯದ ಹೊಟ್ಟೆಯೊಳಗಿಂದ ಬಂದ ಪ್ರಶ್ನೆಗೆ ಓಗೊಡುವವರು ಯಾರೂ ಇಲ್ಲ. ಇನ್ನೂ ಬೆಳಕು ಹರಿಯದ ಚರ್ಚಿನಲ್ಲಿ ಬೆಂಚುಗಳೆಲ್ಲ ಖಾಲಿ, ಕೀಬೋರ್ಡಿನ ಮುಂದಿನ ಸ್ಟೂಲೂ ಖಾಲಿ. ಒಂದು ಕೀ ಮೇಲೆ ಸೀಸದ ತುಂಡು ಕೂತಿದೆ. ಅದರ ಭಾರಕ್ಕೆ ಒಂದೇ ಸ್ವರ ಎಡೆಬಿಡದೆ ಮೊಳಗುತ್ತಿದೆ. ಕೊಳವೆಗಳ ಸಂದಿಯಿಂದ ಧೂಳು ಮೆತ್ತಿದ ತಲೆಯೊಂದು ಹೊರಬರುತ್ತದೆ.

“ಹಾಳು ಅಭ್ಯಾಸ. ಕೇಳ್ಬಿಡ್ತೀನಿ,” ಎನ್ನುತ್ತಾ ಏಣಿ ಇಳಿದು, ತುಂಡನ್ನು ಪಕ್ಕದ ಕೀಗೆ ಸರಿಸಿ, ಮತ್ತೆ ಏಣಿ ಹತ್ತುತ್ತಾರೆ.

ಎಲ್ಲರ ಬಾಯಲ್ಲೂ ಇವರು ‘ಕೊಳವೆ ಮಾವ’. ಆರ್ಗನ್ನಿನ ಶ್ರುತಿ ಕೂಡಿಸುವುದು ಇಬ್ಬರ ಕೆಲಸ. ಒಬ್ಬರು ಒಳಗೆ ಕೊಳವೆ ತಟ್ಟಿ ತಿದ್ದುತ್ತಾರೆ, ಇನ್ನೊಬ್ಬರು ಹೊರಗೆ ಕೂತು ಕೀ ಒತ್ತುತ್ತಾರೆ. ಮದುವೆಯಾದಾಗಿನಿಂದ ಒತ್ತಿದವರು ಹೆಂಡತಿ. “ಒಂದು ಕೈ ಕೀ ಮೇಲೆ, ಇನ್ನೊಂದರಲ್ಲಿ ಜಪಸರ. ನಾನು ತಡ ಮಾಡಿದ್ರೆ, ‘ಏನ್ರೀ, ಒಳಗೇ ಸಂಸಾರ ಹೂಡಿದ್ರಾ?’ ಅಂತ ಕೂಗೋಳು.” ಹೋದ ವರ್ಷ ಆಕೆ ತೀರಿಕೊಂಡರು.

ಈ ತಿಂಗಳ ಕೊನೆಗೆ ಆಕೆಯ ನೆನಪಿಗೆಂದು ಇಲ್ಲಿ ಹೊಸದೊಂದು ವೃಂದಗಾನ ಹಾಡಲಿದ್ದಾರೆ. ಶಿಲುಬೆಯ ಬುಡದಲ್ಲಿ ನಿಂತ ಮಾತೆಯ ಗೋಳಿನಿಂದ ಹೊರಟು, ಸತ್ತವರಿಗೆ ನಿತ್ಯ ವಿಶ್ರಾಂತಿ ಬೇಡುವಲ್ಲಿಗೆ ತಲುಪುವ ಕೃತಿ. ಬರೆದವನು ಆಕೆಯ ತಮ್ಮ. ಪೋಸ್ಟರಿನಲ್ಲಿ ಅಕ್ಕ-ತಮ್ಮನ ಫೋಟೊ ಇದೆ. ಗಂಡನ ಸುದ್ದಿಯೇ ಇಲ್ಲ.

“ಹೊಟ್ಟೆಕಿಚ್ಚೇ. ಮುಚ್ಚುಮರೆ ಯಾಕೆ? ಔಷಧಿ ಕುಡಿಸ್ದೋನು ನಾನು, ಮೈ ಒರೆಸ್ದೋನು ನಾನು. ಅವನು ಫೋನ್ ಮಾಡ್ತಿದ್ದ. ಈಗ ಜನ ಅವನ ಕೈ ಹಿಡ್ಕೊಂಡು ಅಳ್ತಾರೆ. ನನ್ನ ಕೇಳೋದು, ‘ಮಾವ, ಆರ್ಗನ್ ರೆಡಿ ತಾನೆ?’”

ಕೃತಿಯ ನಡುವೆ ಗಾಯಕರೆಲ್ಲ ಸುಮ್ಮನಾಗಿ, ಒಂದೇ ಒಂದು ಸಣ್ಣ ಕೊಳವೆ ನುಡಿಯುವ ಜಾಗವಿದೆ. ಮೊನ್ನೆ ಮಾವ ಬೇಕೆಂದೇ ಅದರ ಶ್ರುತಿಯನ್ನು ಕೂದಲೆಳೆಯಷ್ಟು ಕೆಡಿಸಿದ್ದರು. “ಅಭ್ಯಾಸದಲ್ಲಿ ಅದು ನರಳ್ತು. ಎಲ್ಲರೂ ಕಣ್ಣೊರೆಸ್ಕೊಂಡು, ‘ಆಹಾ, ಎಂಥ ಸಂಕಟ ತುಂಬಿದಾನೆ!’ ಅಂದ್ರು. ನನ್ನ ಕಿತಾಪತಿನೂ ಅವನ ಸಂಗೀತಕ್ಕೇ ಜಮೆ ಆಯ್ತಲ್ಲ!” ನಗು ಅರ್ಧಕ್ಕೇ ನಿಲ್ಲುತ್ತದೆ. ಅದನ್ನು ಸರಿಪಡಿಸಲೆಂದೇ ಇಂದು ನಸುಕಿನಲ್ಲಿ ಬಂದಿದ್ದಾರೆ. ಕೆಟ್ಟ ಕೊಳವೆ ಬಿಟ್ಟು ಮನೆಯಲ್ಲಿ ಪ್ರಾರ್ಥನೆಗೆ ಕೂರಲು ಆಗಲಿಲ್ಲವಂತೆ.

ಕಿಟಕಿಗಳಲ್ಲಿ ಬಣ್ಣ ಮೂಡುವ ಹೊತ್ತಿಗೆ ಭಾವಮೈದ ಬರುತ್ತಾನೆ. ನಿದ್ದೆಗೆಟ್ಟ ಕಣ್ಣು. ಏಣಿಯ ಕೆಳಗೇ ನಿಲ್ಲುತ್ತಾನೆ.

“ಭಾವ, ಹಾಡಿನ ಕೊನೇ ಸಾಲು ಇನ್ನೂ ಖಾಲಿ ಇದೆ. ಹೋಗೋ ಮುಂಚೆ ಅಕ್ಕ ಏನಂದ್ಲು? ಹತ್ರ ನೀವೊಬ್ರೇ ಇದ್ರಿ. ಆ ಮಾತನ್ನೇ ಎಲ್ಲರ ಕೈಲೂ ಹಾಡಿಸ್ತೀನಿ. ಪೋಸ್ಟರಲ್ಲಿ ನಿಮ್ಮ ಹೆಸರೂ ಹಾಕಿಸ್ತೀನಿ.”

ಮಾವ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಾರೆ.

“ಹೇಳಲ್ಲ ಕಣೋ.”

“ಭಾವ, ಅವಳಿಗೋಸ್ಕರನಾದ್ರೂ...”

“ಹಾಡೆಲ್ಲ ನೀನಿಟ್ಕೋ. ಆ ಮಾತು ನನಗೆ ಹೇಳಿದ್ದು. ಕೊಡಲ್ಲ.”