ಕೆಂಪು ಪೆಟ್ಟಿಗೆಗೆ ಕಾವಲಿದ್ದ ಚೆಕಿಂಗಣ್ಣ

ಮೂವತ್ತೊಂದು ವರ್ಷ ಬಸ್ಸು ಹತ್ತಿ ಟಿಕೆಟ್ ತಪಾಸಣೆ ಮಾಡಿದವನಿಗೆ ಮನುಷ್ಯರ ಮುಖಕ್ಕಿಂತ ಮೊದಲು ಜೇಬು ಕಾಣುತ್ತದೆ. ಕಿಟಕಿಗೆ ತಲೆಯಾನಿಸಿ ಮಲಗಿದವನನ್ನು ಕಂಡರೆ, ಇವನಿಗೆ ಬಂದಿರುವುದು ನಿದ್ದೆಯೋ, ಟಿಕೆಟ್ ಇಲ್ಲದ ನಿದ್ದೆಯೋ ಎಂದು ನೋಡುವುದೇ ಅವನ ಕಸುಬು. ನಿವೃತ್ತಿಯಾಗಿ ಆರು ವರ್ಷ ಕಳೆದರೂ ಆ ಕಣ್ಣಿಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ. ಹಾಗಾಗಿ ಬೀದಿಯವರೆಲ್ಲ ಅವನನ್ನು ಚೆಕಿಂಗಣ್ಣ ಎಂದೇ ಕರೆಯುತ್ತಿದ್ದರು.

ಇಂಥವನನ್ನು ಆರೋಗ್ಯ ಸ್ವಯಂಸೇವಕರ ತಂಡಕ್ಕೆ ಸೇರಿಸಿಕೊಂಡವರು ನರ್ಸಕ್ಕ. ಆಸ್ಪತ್ರೆಯಲ್ಲಿ ದುಡಿದು ದಣಿದು ಮನೆ ಸೇರಿದ ಹೆಂಗಸು ಅವರು. ಮೂರು ಮಹಡಿಯ ಕಟ್ಟಡ, ಅದರ ಹಿಂದಿನ ಸಾಲು ಮನೆ, ಎಲ್ಲಕ್ಕೂ ಸೇರಿ ತಂಡದಲ್ಲಿದ್ದವರು ಮೂರೇ ಜನ: ನರ್ಸಕ್ಕ, ಚೆಕಿಂಗಣ್ಣ, ಕೆಳಗಿನ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ. ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ರಕ್ತದೊತ್ತಡ ನೋಡುವುದು, ಸಕ್ಕರೆ ಕಾಯಿಲೆಯವರ ಪಾದ ನೋಡುವುದು, ಬೆಂಕಿಯೋ ನೀರೋ ನುಗ್ಗಿದರೆ ಯಾರಿಗೆ ಮೆಟ್ಟಿಲಿಳಿಯಲು ಆಗುವುದಿಲ್ಲ ಎಂದು ಬರೆದುಕೊಳ್ಳುವುದು, ಇಷ್ಟು ಅವರ ಕೆಲಸ. ಒಂದೊಂದು ಮನೆಗೆ ಒಂದೊಂದು ಚೀಟಿ.

ಚೆಕಿಂಗಣ್ಣ ಈ ಕೆಲಸಕ್ಕೆಂದೇ ಹುಟ್ಟಿದವನಂತಿದ್ದ. "ಮಾತ್ರೆ ತಗೊಂಡ್ರಾ ಅಂದ್ರೆ ಎಲ್ರೂ ಹೂಂ ಅಂತಾರೆ ಅಕ್ಕ. ಖಾಲಿ ಮಾತ್ರೆ ಶೀಟು ತೋರಿಸಿ ಅನ್ನಬೇಕು. ಆಗ ಮುಖ ನೋಡಬೇಕು," ಎನ್ನುತ್ತಿದ್ದ. ಹಾಗೆ ಕೇಳಿಯೇ ಕ್ಷೌರದವನ ಅಂಗಡಿಯ ಕನ್ನಡಿಯ ಹಿಂದೆ ಮೂರು ತಿಂಗಳ ಮಾತ್ರೆ ಒಡೆಯದೆ ಕೂತಿದ್ದನ್ನು ಹಿಡಿದಿದ್ದ. ಕ್ಷೌರದವನು ಒಂದು ವಾರ ಬೈದು, ಎರಡನೇ ವಾರದಿಂದ ಮಾತ್ರೆ ನುಂಗತೊಡಗಿದ.

ಮೆಟ್ಟಿಲ ಕೆಳಗೆ ಗೋಡೆಗೆ ಬಡಿದ ಕೆಂಪು ಪೆಟ್ಟಿಗೆ ತಂಡದ ಪ್ರಾಣ. ಬ್ಯಾಂಡೇಜಿನ ಸುರುಳಿ, ಹತ್ತಿ, ಗಾಯ ತೊಳೆಯುವ ಔಷಧಿ, ಕತ್ತರಿ, ಟಾರ್ಚು, ಎಲ್ಲ ಅದರೊಳಗೆ. ಹಿಂದಿನ ವರ್ಷ ಗಾಜು ಹೊರುವವನೊಬ್ಬ ಜಾರಿ ಬಿದ್ದು ತೋಳು ಸೀಳಿಕೊಂಡಾಗ ಅವನ ಜೀವವನ್ನು ಆಂಬುಲೆನ್ಸ್ ಬರುವ ತನಕ ಹಿಡಿದಿಟ್ಟದ್ದು ಈ ಪೆಟ್ಟಿಗೆಯ ನಾಲ್ಕು ಸುರುಳಿ ಮತ್ತು ಟೈಲರಮ್ಮನ ಬಿಗಿ ಕೈ. ಪೆಟ್ಟಿಗೆಗೆ ಎರಡೇ ಕೀಲಿ. ಒಂದು ಚೆಕಿಂಗಣ್ಣನ ಅಂಗಿಯ ಒಳಜೇಬಿನಲ್ಲಿ, ಇನ್ನೊಂದು ಟೈಲರಮ್ಮನ ಹೊಲಿಗೆ ಯಂತ್ರದ ಗೂಡಿನಲ್ಲಿ.

ಆ ಪೆಟ್ಟಿಗೆಯಿಂದ ಸುರುಳಿಗಳು ಕಾಣೆಯಾಗತೊಡಗಿದವು.

ಮೊದಲು ಒಂದು. ಎರಡು ದಿನ ಬಿಟ್ಟು ಇನ್ನೊಂದು. ಬೀಗ ಒಡೆದಿಲ್ಲ, ಚಿಲಕ ಬಗ್ಗಿಲ್ಲ. ಚೆಕಿಂಗಣ್ಣನ ತಲೆಗೆ ಹುಳ ಹೊಕ್ಕಿತು. ನಾಳೆ ಯಾವನಾದರೂ ರಕ್ತ ಸೋರಿಸಿಕೊಂಡು ಬಂದು ಬಿದ್ದಾಗ ಪೆಟ್ಟಿಗೆ ಬಾಯಿಬಿಟ್ಟುಕೊಂಡು ಖಾಲಿ ನಿಂತರೆ ಏನು ಗತಿ? ಎರಡು ಕೀಲಿಯಲ್ಲಿ ಒಂದು ತನ್ನದು. ಉಳಿದದ್ದು? ಲೆಕ್ಕ ಬಲು ಸಲೀಸಾಗಿತ್ತು. ಟೈಲರಮ್ಮನ ಅಂಗಡಿಯಲ್ಲಿ ಬಟ್ಟೆಗೇನು ಬರವೇ ಎಂದು ಮನಸ್ಸಿನ ಒಂದು ಮೂಲೆ ಕೇಳಿತು. ಬಟ್ಟೆ ಇರುವವಳಿಗೇ ಬಟ್ಟೆಯ ಆಸೆ ಎಂದು ಇನ್ನೊಂದು ಮೂಲೆ ಹೇಳಿತು. ಅನುಮಾನಕ್ಕೆ ಮೂಲೆಗಳು ಬಹಳ.

ಅವನು ತನ್ನ ಹಳೆಯ ಪಂಚನ್ನು ಹೊರತೆಗೆದ. ತಪಾಸಣೆಯಾದ ಟಿಕೆಟಿಗೆ ತೂತು ಹಾಕುವ ಪಂಚು ಅದು. ಅದರ ತೂತು ದುಂಡಗಲ್ಲ, ಅರ್ಧಚಂದ್ರ. ಪೆಟ್ಟಿಗೆಯಲ್ಲಿ ಉಳಿದಿದ್ದ ಒಂದೊಂದು ಸುರುಳಿಯ ಕಾಗದದ ಹೊದಿಕೆಗೂ ಕಟಕ್ ಕಟಕ್ ಎಂದು ಮೂಲೆಯಲ್ಲಿ ತೂತು ಹಾಕಿದ. ಕಳ್ಳ ಎಲ್ಲೇ ಹೊದಿಕೆ ಬಿಸಾಡಲಿ, ತೂತು ಮಾತಾಡುತ್ತದೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಹೆಂಡತಿ ಬಡಿಸುತ್ತಾ ಕೇಳಿದಳು: "ಯಾಕ್ರಿ, ಅನ್ನವನ್ನೂ ಹಿಂದೆ ಮುಂದೆ ತಿರುಗಿಸಿ ನೋಡ್ತಿದೀರಿ?"

"ಪೆಟ್ಟಿಗೇಲಿ ಕಳ್ಳತನ ಆಗ್ತಿದೆ ಕಣೆ."

ಅವಳ ಕೈಯ ಸೌಟು ಒಂದು ಗಳಿಗೆ ನಿಂತಿತು. "ಅಯ್ಯೋ, ಬ್ಯಾಂಡೇಜು ಯಾರು ಕದೀತಾರೆ? ಬೇಕಾದೋರು ತಗೊಂಡಿರ್ತಾರೆ ಬಿಡಿ," ಎಂದು ಒಳಗೆ ಹೋದಳು. ಅವಳ ಕಾಲಿಗೆ ಕಾಲುಚೀಲ. ಎರಡು ತಿಂಗಳಿಂದ ಮನೆಯೊಳಗೂ ಕಾಲುಚೀಲ. ಕೇಳಿದರೆ ನೆಲ ತಣ್ಣಗಿದೆ ಎಂದಿದ್ದಳು, ಅವನು ಒಪ್ಪಿದ್ದ. ಅಡುಗೆಮನೆಯಿಂದ ಔಷಧಿಯ ವಾಸನೆ ತೇಲಿ ಬಂದರೆ ತನ್ನ ಕೈಯದೇ ಇರಬೇಕು ಎಂದುಕೊಂಡಿದ್ದ. ಉಂಡು, ಅಂಗಿ ಕಳಚಿ ಮೊಳೆಗೆ ಹಾಕಿ, ದಿನದಂತೆ ಒಂದು ಗಂಟೆ ಮಲಗಿದ.

ಮರುದಿನ ಇನ್ನೊಂದು ಸುರುಳಿ ಮಾಯ. ಅವನು ನೇರ ಟೈಲರಮ್ಮನ ಅಂಗಡಿಗೆ ಹೋದ. ಅವಳು ಅಳತೆ ತೆಗೆಯಲು ಪಕ್ಕದ ಮನೆಗೆ ಹೋಗಿದ್ದಳು. ಯಂತ್ರದ ಕೆಳಗೆ ಬಟ್ಟೆಚೂರಿನ ಬುಟ್ಟಿ. ಅದನ್ನು ನೆಲಕ್ಕೆ ಸುರಿದು ಎರಡೂ ಕೈಯಿಂದ ಕೆದಕತೊಡಗಿದ, ಕೋಳಿ ತಿಪ್ಪೆ ಕೆದಕಿದ ಹಾಗೆ.

"ಏನಣ್ಣ, ಸೂಜಿ ಕಳಕೊಂಡ್ರಾ?"

ಬಾಗಿಲಲ್ಲಿ ಟೈಲರಮ್ಮ ಅಳತೆಪಟ್ಟಿ ಕೊರಳಿಗೆ ಸುತ್ತಿಕೊಂಡು ನಿಂತಿದ್ದಳು. ಚೆಕಿಂಗಣ್ಣ ಎದ್ದು ನಿಂತ. ಬಸ್ಸಿನಲ್ಲಾದರೆ ಹಿಡಿದವನು ಇವನು, ಸಿಕ್ಕಿಬಿದ್ದವನು ಬೇರೆಯವನು. ಇಲ್ಲಿ ಎರಡೂ ತಾನೇ ಆಗಿದ್ದ.

"ಪೆಟ್ಟಿಗೇಲಿ ಮೂರು ಸುರುಳಿ ಇಲ್ಲ. ಕೀಲಿ ಇರೋದು ನನ್ನ ಹತ್ರ, ನಿನ್ನ ಹತ್ರ."

"ಓ. ನಿಮ್ಮ ಕೀಲಿ ಸತ್ಯಸಂಧ, ನನ್ನ ಕೀಲಿ ಕಳ್ಳ?"

"ನಾನು ಹಾಗಂದೆನಾ?"

"ಬುಟ್ಟಿ ಅಂತಿದೆಯಲ್ಲ, ನೀವ್ಯಾಕೆ ಅನ್ನಬೇಕು?" ಅವಳು ಗೂಡಿನಿಂದ ಕೀಲಿ ತೆಗೆದು ಯಂತ್ರದ ಮೇಲೆ ಟಣ್ಣನೆ ಇಟ್ಟಳು. "ತಗೊಳ್ಳಿ. ಎರಡನ್ನೂ ನೀವೇ ಇಟ್ಕೊಳ್ಳಿ. ಇನ್ನು ನಿಮ್ಮ ಪೆಟ್ಟಿಗೆ ಬೇಡ, ತಂಡವೂ ಬೇಡ. ಯಾರಾದ್ರೂ ತೋಳು ಸೀಳ್ಕೊಂಡು ಬಂದ್ರೆ ನಿಮ್ಮ ಅನುಮಾನವನ್ನೇ ಸುತ್ತಿ ಕಟ್ಟಿ."

ಸುದ್ದಿ ಬೀದಿಯೆಲ್ಲ ಹರಡಿ ನರ್ಸಕ್ಕನ ಕಿವಿಗೆ ಬಿದ್ದಾಗ ಅವರು ತಲೆಗೆ ಕೈ ಹಚ್ಚಿದರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಜಾತಿ ನಿಂದು. ಅವಳು ಕದ್ದಿಲ್ಲ ಅಂತಾದ್ರೆ ಏನು ಮಾಡ್ತೀಯ?"

"ಕದ್ದಿಲ್ಲ ಅಂತಾಗಲಿ, ನೋಡೋಣ," ಎಂದ. ಗತ್ತು ಬಿಡಲಿಲ್ಲ.

ಈಗ ಎರಡು ಕೀಲಿಯೂ ಅವನ ಒಳಜೇಬಿನಲ್ಲಿ. ಇನ್ನು ಕದಿಯುವವರು ಯಾರು ನೋಡುತ್ತೇನೆ ಎಂದುಕೊಂಡ. ಎರಡು ದಿನ ಕಳೆದು ಪೆಟ್ಟಿಗೆ ತೆರೆದರೆ ಇನ್ನೂ ಒಂದು ಸುರುಳಿ ಇಲ್ಲ! ಟೈಲರಮ್ಮನಲ್ಲ. ಹಾಗಾದರೆ ಕಳ್ಳಕೀಲಿ ಯಾರೋ ಮಾಡಿಸಿದ್ದಾರೆ. ಯಾರು? ಬೀಗದವನೇ? ಹಾಲಿನವನೇ? ಎದುರು ಬಂದವರ ಕೈ ನೋಡುತ್ತಾ, ಚೀಲ ನೋಡುತ್ತಾ ದಿನಸಿ ಅಂಗಡಿಗೆ ಹೋದ. ಹೆಂಡತಿ ಬೇಕಾದ ಸಾಮಾನಿನ ಚೀಟಿ ಬರೆದು ಕೊಟ್ಟಿದ್ದಳು. ಮೊದಲೆಲ್ಲ ತಾನೇ ಹೋಗುತ್ತಿದ್ದವಳು, ಈಚೆಗೆ ಮೆಟ್ಟಿಲಿಳಿಯುವುದನ್ನೇ ಬಿಟ್ಟಿದ್ದಳು.

ಅಂಗಡಿಯವನು ಚೀಟಿ ಓದಿ ಕಿಸಕ್ಕನೆ ನಕ್ಕ. "ಚೆಕಿಂಗಣ್ಣ, ಸಾಮಾನು ಚೀಟಿಗೂ ತೂತು ಹಾಕೋಕೆ ಶುರು ಮಾಡಿದ್ರಾ? ನಾನೇನು ಟಿಕೆಟ್ ಇಲ್ದೆ ಅಂಗಡಿ ನಡೆಸ್ತಿದೀನಾ?"

ಚೀಟಿಯ ಮೂಲೆಯಲ್ಲಿ ಅರ್ಧಚಂದ್ರ. ತಿರುಗಿಸಿ ನೋಡಿದರೆ ಹಿಂದೆ ಬ್ಯಾಂಡೇಜಿನ ಹೆಸರು, ಅಳತೆ. ಹೆಂಡತಿ ಕಾಗದ ಎಸೆಯುವವಳಲ್ಲ. ಮದುವೆಯಾದಾಗಿನಿಂದ ಒಂದು ಚೂರು ಬಿಳಿ ಜಾಗ ಕಂಡರೆ ಅದರಲ್ಲಿ ಏನಾದರೂ ಬರೆಯದೆ ಬಿಟ್ಟವಳಲ್ಲ.

ಸಾಮಾನು ಬಿಟ್ಟು ಮನೆಗೆ ಬಂದ. ಅವಳು ಕುರ್ಚಿಯಲ್ಲಿ ಕುಳಿತಿದ್ದಳು. ಗಂಡನ ಕೈಯಲ್ಲಿ ಚೀಟಿ ನೋಡಿದಳು, ಅವನ ಮುಖ ನೋಡಿದಳು.

"ತೋರಿಸು," ಎಂದ. ದನಿ ಬಸ್ಸಿನದಾಗಿರಲಿಲ್ಲ.

"ಟಿಕೆಟ್ ಇಲ್ಲ ಕಣ್ರಿ," ಎಂದು ನಗಲು ಹೋದವಳು ನಗಲಾರದೆ ಕಾಲುಚೀಲ ಎಳೆದಳು. ಹೆಬ್ಬೆರಳ ಬುಡದಲ್ಲಿ ಹುಣ್ಣು. ಸುತ್ತಲೂ ಕಪ್ಪು.

"ನಮ್ಮಕ್ಕನೂ ಸಕ್ಕರೆ ಕಾಯಿಲೇಲಿ ಇಷ್ಟೇ ಗಾಯ ಇಟ್ಕೊಂಡು ಆಸ್ಪತ್ರೆಗೆ ಹೋದ್ಲು. ಬರುವಾಗ ಒಂದೇ ಕಾಲು. ನಿಮಗೆ ಗೊತ್ತಾದ್ರೆ ಸಂಜೆಯೊಳಗೆ ನನ್ನನ್ನೂ ಅದೇ ಮಂಚಕ್ಕೆ ಏರಿಸ್ತೀರ ಅಂತ ಹೇಳ್ಲಿಲ್ಲ. ನೀವು ಮಲಗಿದಾಗ ಅಂಗಿಯಿಂದ ಕೀಲಿ ತಗೊಂಡು, ಗೋಡೆ ಹಿಡ್ಕೊಂಡು ಮೆಲ್ಲಗೆ ಪೆಟ್ಟಿಗೆ ತನಕ ಇಳೀತಿದ್ದೆ."

"ನಾನು ಊರೆಲ್ಲ ಪಾದ ನೋಡ್ತೀನಿ…"

"ಊರೆಲ್ಲ ನೋಡ್ತೀರ. ನಮ್ಮನೆ ಚೀಟಿ?"

ತಮ್ಮ ಮನೆಯ ಚೀಟಿಯನ್ನು ಅವನು ಪ್ರತಿ ತಿಂಗಳೂ ಟೀ ಕುಡಿಯುತ್ತಾ ತಾನೇ ತುಂಬಿದ್ದ. ತೊಂದರೆ ಏನು ಎಂಬ ಕಡೆ 'ಏನೂ ಇಲ್ಲ'. ಕೇಳಿ ಬರೆದದ್ದಲ್ಲ, ಗೊತ್ತಿದೆ ಎಂದು ಬರೆದದ್ದು. ಇಡೀ ಬಸ್ಸನ್ನು ಜಾಲಾಡಿದವನು ತನ್ನ ಪಕ್ಕದ ಸೀಟಿನವಳನ್ನೇ ಕೇಳಿರಲಿಲ್ಲ.

"ಏಳು, ನರ್ಸಕ್ಕನ ಹತ್ರ ಹೋಗೋಣ."

"ನಾನು ಬರಲ್ಲ. ಬರೋದಾದ್ರೆ ಟೈಲರಮ್ಮನ ಜೊತೆ ಮಾತ್ರ. ಅವಳು ಬೈಯಲ್ಲ. ಆ ಗಾಜಿನವನ ತೋಳನ್ನ ಹೇಗೆ ಹಿಡಿದಿದ್ಲು, ನಾನು ಕಿಟಕೀಲಿ ನೋಡಿದೀನಿ. ಕರ್ಕೊಂಡು ಬನ್ನಿ."

ಆ ಎರಡು ಮಹಡಿಯ ಮೆಟ್ಟಿಲು ಅವನಿಗೆ ಅಂದು ಇಪ್ಪತ್ತು ಮಹಡಿಯಾಯಿತು. ಅಂಗಡಿಯಲ್ಲಿ ಯಂತ್ರ ಓಡುತ್ತಿತ್ತು. ಟೈಲರಮ್ಮ ತಲೆಯೆತ್ತಲಿಲ್ಲ. ಸುರಿದ ಬುಟ್ಟಿಯ ಬಟ್ಟೆಚೂರುಗಳು ಅಂದಿನಿಂದ ಹಾಗೇ ನೆಲದ ಮೇಲೆ ಬಿದ್ದಿದ್ದವು. ಅವಳು ಬೇಕೆಂದೇ ಗುಡಿಸಿರಲಿಲ್ಲ. ಅವನು ಬಗ್ಗಿ ಒಂದೊಂದನ್ನೇ ಆರಿಸಿ ಬುಟ್ಟಿಗೆ ತುಂಬಿದ. ಕೊನೆಯ ಚೂರು ಹಾಕಿ, ಎರಡು ಕೀಲಿಯನ್ನೂ ತೂತಿನ ಚೀಟಿಯನ್ನೂ ಯಂತ್ರದ ಮೇಲೆ ಇಟ್ಟ.

"ಕಳ್ಳ ನಮ್ಮನೇಲೇ ಇದ್ದ ಕಣಮ್ಮ. ನಿನ್ನ ಮೇಲೆ ಹೊರಿಸಿದ್ದು ನನ್ನ ತಪ್ಪು. ಅವಳ ಕಾಲು ಕೆಟ್ಟಿದೆ. ನೀನು ಬಂದ್ರೆ ಮಾತ್ರ ಬರ್ತಾಳಂತೆ."

ಯಂತ್ರ ನಿಂತಿತು. ಅವಳು ಚೀಟಿ ನೋಡಿದಳು. "ಇದನ್ನ ಇಲ್ಲಿ ಹೇಳಿದ್ರೆ ಸಾಲದು ಅಣ್ಣ. ಕಳ್ಳಿ ಅಂತ ನೋಡಿದ್ದು ಬೀದಿ. ಅಲ್ಲೂ ಹೇಳಬೇಕು."

"ಹೇಳ್ತೀನಿ."

"ಎಷ್ಟು ದಿನದ ಗಾಯ?"

"ಎರಡು ತಿಂಗಳು."

"ಅಯ್ಯೋ ದೇವರೇ, ಇಷ್ಟು ಹೊತ್ತು ಚೂರು ಆರಿಸ್ತಾ ಕೂತಿದ್ರಲ್ರೀ!" ಎಂದವಳೇ ಒಂದು ಕೀಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ಇನ್ನು ಹದಿನೈದು ದಿನ ಬಿಟ್ಟು ಬಂದಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದರು ಡಾಕ್ಟರು. ಕೊಟ್ಟ ಮಾತಿನಂತೆ ಚೆಕಿಂಗಣ್ಣ ಮೆಟ್ಟಿಲ ಬಳಿ ನಿಂತು, ಹೋಗಿ ಬರುವವರಿಗೆಲ್ಲ ತಪ್ಪು ತನ್ನದೆಂದು ಹೇಳಿದ. ಕ್ಷೌರದವನು ಎರಡು ಸಲ ಹೇಳಿಸಿಕೊಂಡ.

ಅಂದಿನಿಂದ ತಂಡದಲ್ಲಿ ಹೊಸ ನಿಯಮ: ಸ್ವಯಂಸೇವಕರ ಮನೆಯ ಚೀಟಿಯನ್ನು ಅವರು ತುಂಬಬಾರದು, ಬೇರೆಯವರು ಬಂದು ತುಂಬಬೇಕು. ತುಂಬುವಾಗ ಆ ಸ್ವಯಂಸೇವಕರು ಆಚೆ ಇರಬೇಕು. ತಿಂಗಳ ಮೊದಲ ದಿನ ಟೈಲರಮ್ಮ ಚೀಟಿ ಹಿಡಿದು ಬರುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ಒಳಗೆ ಇಬ್ಬರು ಹೆಂಗಸರ ನಗು. ಚೆಕಿಂಗಣ್ಣ ಹೊರಗೆ ಮೆಟ್ಟಿಲ ಮೇಲೆ ಕುಳಿತಿರುತ್ತಾನೆ.

"ಕಾಲುಚೀಲ ತೆಗೆಸಿ ನೋಡಮ್ಮ! ಬಾಯಿಮಾತು ನಂಬಬೇಡ!" ಎಂದು ಕೂಗುತ್ತಾನೆ.

"ನೋಡಾಯ್ತು. ಈಗ ನಿಮ್ಮ ಸರದಿ," ಎಂದು ಒಳಗಿನಿಂದ ದನಿ ಬರುತ್ತದೆ. "ಚಪ್ಪಲಿ ಬಿಚ್ಚಿ ತಯಾರಾಗಿ."