ನನ್ನ ಮಗನ ಮೇಲೆ ಯಾಕೆ?

"ನನ್ ಮಗನ್ ಮೇಲೆ ಅದೇನೋ ಪರೀಕ್ಷೆ ಮಾಡ್ತಾ ಇದೀರಂತೆ?" ಮುನಿಯಪ್ಪ ನನ್ನನ್ನು ಬಾಗಿಲಲ್ಲೇ ತಡೆದರು.

ಅವರ ಮಗ ಶ್ರೀನಿವಾಸನಿಗೆ ವಾಸಿಯಾಗಿದ್ದ ವೃಷಣದ ಕ್ಯಾನ್ಸರ್ ಮರುಕಳಿಸಿತ್ತು. ನಮ್ಮ ಆಸ್ಪತ್ರೆಯಲ್ಲಿ ಅಂಥವರಿಗೆ ಕೀಮೊ ಔಷಧಿಗಳನ್ನು ಹೊಸದಾಗಿ ಜೋಡಿಸಿ ಕೊಟ್ಟು ನೋಡುವ ಪ್ರಯೋಗ ನಡೆದಿತ್ತು. ಒಪ್ಪಿ ಸೇರಿದ್ದ ಶ್ರೀನಿವಾಸ ಎರಡನೇ ಸುತ್ತಿಗೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಹಾಗಾಗಿ ಪ್ರಯೋಗ ನೋಡಿಕೊಳ್ಳುತ್ತಿದ್ದ ನಾನೇ ಅವರ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ಗೆ ಹೋಗಿದ್ದೆ.

"ಔಷ್ದಿ ಕೆಲ್ಸ ಮಾಡ್ತದೆ ಅಂತ ಗೊತ್ತಿದ್ರೆ ಪರೀಕ್ಷೆ ಯಾಕೆ? ಗೊತ್ತಿಲ್ದಿದ್ರೆ ನನ್ ಮಗನಿಗ್ಯಾಕೆ? ಗಣೀಲಿ ಬಂಡೆ ಸಿಡಿಸಿದ್ಮೇಲೆ ಮೊದ್ಲು ಒಳಕ್ಕೋಗಿ ನೋಡ್ತಿದ್ದೋನು ನಾನು. ಮಗನ್ನ ಅಂಗೆ ಕಳ್ಸಲ್ಲ."

ಕಲಿತು ಹೋಗಿದ್ದ ಉತ್ತರವನ್ನೆಲ್ಲ ಬದಿಗಿಟ್ಟೆ. "ಗೆಲ್ಲುತ್ತೋ ಇಲ್ಲವೋ ನಮಗೂ ಗೊತ್ತಿಲ್ಲ ಯಜಮಾನ್ರೇ. ಹಳೇ ಔಷಧಿ ಸೋತಿದೆ. ಬೇಡ ಅನ್ನಿಸಿದ ದಿನ ಬಿಡಬಹುದು, ಬೇರೆ ಚಿಕಿತ್ಸೆ ಕೊಡ್ತೀವಿ" ಅಂದೆ.

ಬೋಳುತಲೆಗೆ ಟವಲ್ ಸುತ್ತಿಕೊಂಡು ಶ್ರೀನಿವಾಸ ಒಳಗಿಂದ ಬಂದ. "ನಾನು ಓಗ್ತೀನಪ್ಪಾ."

ಮುನಿಯಪ್ಪ ನನ್ನನ್ನೇ ದಿಟ್ಟಿಸುತ್ತ ಮಗನಿಗೆ ಹೇಳಿದರು. "ಓಗು. ನಾನೂ ಬತ್ತೀನಿ."

ಬಂದರು. ಪ್ರತಿ ಬಾಟಲಿಯ ಮೇಲಿನ ಹೆಸರನ್ನೂ ನರ್ಸ್‌ಗಳಿಂದ ಗಟ್ಟಿಯಾಗಿ ಓದಿಸಿದರು. ಕೊನೆಗೆ ಸ್ಕ್ಯಾನಿನಲ್ಲಿ ಗಡ್ಡೆ ಕಾಣಲಿಲ್ಲ. ನಾನು ಸಂತೋಷದಿಂದ ಹೇಳಿದರೆ ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ಆ ಮಿಷನ್ನು ಸರಿಗೈತೇನಪ್ಪಾ? ಇನ್ನೊಂದ್ಕಡೆ ತೋರ್ಸಣ."

ಇನ್ನೊಂದು ಕಡೆಗೆ ನನ್ನನ್ನೇ ಜೊತೆಗೆ ಕರೆದೊಯ್ದರು. ಅಲ್ಲಿಯವರ ಮೇಲೆ ಅವರಿಗೆ ನಂಬಿಕೆ ಇರಲಿಲ್ಲವಂತೆ.