ಹಿಂದೆ ಎರಡೋ ನಾಲ್ಕೋ

ನೀರಕ್ಕ ಹದಿನಾಲ್ಕು ವರ್ಷ ಓಡಿಸಿದ ಪಿಕಪ್ ಗಾಡಿಯ ಆಯಸ್ಸು ಮುಗಿಯುತ್ತ ಬಂದಿತ್ತು. ಬೆನ್ನ ಮೇಲೆ ಒಂದೂವರೆ ಸಾವಿರ ಲೀಟರಿನ ಕಪ್ಪು ಟ್ಯಾಂಕು ಹೊತ್ತು ಅದು ಬೆಳಗಿನಿಂದ ಸಂಜೆಯವರೆಗೆ ಗುಡ್ಡ ಹತ್ತಿ ಇಳಿಯುತ್ತಿತ್ತು. ನಲ್ಲಿಯಲ್ಲಿ ನೀರೇ ಏರದ ನಮ್ಮಂಥ ಮೇಲಿನ ಓಣಿಯವರಿಗೆ ಅವಳ ಗಾಡಿಯೇ ನಲ್ಲಿ. ಈಚೆಗೆ ಎಂಜಿನ್ನು ಕೆಮ್ಮುತ್ತಿತ್ತು. ಎಡಗಡೆಯ ಬಾಗಿಲನ್ನು ಒಳಗಿನಿಂದ ಹಗ್ಗದಲ್ಲಿ ಕಟ್ಟಿಕೊಳ್ಳಬೇಕಾಗಿತ್ತು. ಹೊಸ ಗಾಡಿ ತೆಗೆಯುವುದೆಂದು ಮನೆಯಲ್ಲಿ ತೀರ್ಮಾನವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಜಗಳ ಶುರುವಾದದ್ದು ಆಮೇಲೆ. ಹಿಂದುಗಡೆ ಆ ಕಡೆಗೊಂದು ಈ ಕಡೆಗೊಂದು ಚಕ್ರವಿರುವ ಗಾಡಿಯೋ, ಎರಡೆರಡು ಜೋಡಿಸಿದ ಗಾಡಿಯೋ?

ಅವಳ ಅಣ್ಣನದು ಗ್ಯಾರೇಜು. ಅವನ ಮಾತು ಸ್ಪಷ್ಟವಾಗಿತ್ತು.

"ಸಿಂಗಲ್ಲೇ ತಗೋ. ಡಬಲ್ ಅಂದ್ರೆ ಆರು ಟೈರ್ ಸಾಕ್ಬೇಕು. ಒಳಗಿನ ಟೈರಲ್ಲಿ ಗಾಳಿ ಇದೆಯೋ ಇಲ್ವೋ ನೋಡೋಕೆ ದಿನಾ ನೆಲದ ಮೇಲೆ ಮಲಗ್ಬೇಕು. ಎರಡರ ಮಧ್ಯೆ ಕಲ್ಲು ಸಿಕ್ಕಿಹಾಕ್ಕೊಂಡ್ರೆ ಎರಡೂ ಕೊರೆದುಹೋಗ್ತವೆ. ಅದೆಲ್ಲಾ ಇರ್ಲಿ, ನಿನ್ನ ಆ ಮೇಲಿನ ಓಣಿಯೊಳಗೆ ಡಬಲ್ ನುಗ್ಗೋದೇ ಇಲ್ಲ ಕಣೇ. ಆ ಓಣಿ ಬಿಟ್ಟು ಏನ್ ಮಾಡ್ತೀಯಾ?"

ನೀರಕ್ಕನ ಗಂಡ ಟೈಲರ್. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಯಂತ್ರದ ಪಕ್ಕ ಫೋನು. ನೀರು ಬೇಕೆಂದವರ ಹೆಸರು ಬರೆದಿಡುವುದೂ ಅವನದೇ ಕೆಲಸ. ಅವನು ಯಂತ್ರ ನಿಲ್ಲಿಸಿ ಹೇಳಿದ:

"ಅದು ನೀರು, ಭಾವ. ಮೂಟೆಯಲ್ಲ, ಇಟ್ಟ ಕಡೆ ಕೂತ್ಕೊಳ್ಳೋಕೆ. ಗಾಡಿ ತಿರುಗಿದ್ರೆ ಒಳಗೆ ಅದೂ ತಿರುಗುತ್ತೆ. ಆ ಏರಿನಲ್ಲಿ ಒಂದು ಟೈರ್ ಹೋದ್ರೆ ಪಕ್ಕದ್ದು ಹಿಡ್ಕೋಬೇಕು ತಾನೆ? ಪಕ್ಕದಲ್ಲಿ ಇನ್ನೊಂದು ಇಲ್ದೇ ಇದ್ರೆ?"

"ನೀವು ಒಂದಿನಾನಾದ್ರೂ ಓಡ್ಸಿದ್ದೀರಾ? ಸೂಜಿಗೆ ದಾರ ಪೋಣಿಸೋ ಕೆಲಸ ಅಲ್ಲ ಇದು."

ಟೈಲರ್ ಮತ್ತೆ ಯಂತ್ರ ತುಳಿದ. ಅದು ಅಗತ್ಯಕ್ಕಿಂತ ಜೋರಾಗಿ ಓಡಿತು. ನೀರಕ್ಕನಿಗೆ ಅತ್ತ ಅಣ್ಣ, ಇತ್ತ ಗಂಡ. ಇಬ್ಬರ ಮಾತಲ್ಲೂ ಸುಳ್ಳಿರಲಿಲ್ಲ, ಅದೇ ಕಷ್ಟ.

ಇದನ್ನೆಲ್ಲ ನನಗೆ ಹೇಳಿದ್ದು ಆ ಟೈಲರೇ, ನನ್ನ ಪ್ಯಾಂಟಿನ ಅಳತೆ ತೆಗೆಯುತ್ತ. ಉಳಿದದ್ದನ್ನು ನಾನೇ ಕಂಡಿದ್ದೇನೆ.

ಆ ಭಾನುವಾರ ಗಂಡ ಹೆಂಡತಿ ಇಬ್ಬರೂ ಹೊಲಿಗೆಯ ಟೇಪು ಹಿಡಿದು ನಮ್ಮ ಓಣಿಗೆ ಬಂದರು. ಕೆಳಗಿನ ರಸ್ತೆಯಿಂದ ಅಳೆಯುತ್ತ ಹತ್ತಿದರು. ಎಲ್ಲಿ ನೋಡಿದರೂ ಏಳು ಅಡಿ, ಏಳೂವರೆ ಅಡಿ ಇತ್ತು. ಗಡಿಯಾರ ರಿಪೇರಿಯವನ ಮನೆಯ ಮೂಲೆಯಲ್ಲಿ ಮಾತ್ರ ಓಣಿ ಎಡಕ್ಕೆ ಹೊರಳುತ್ತದೆ, ಅಲ್ಲೇ ಏರು ಕಡಿದಾಗುತ್ತದೆ, ಅಲ್ಲೇ ಗೋಡೆಗಳು ಹತ್ತಿರ ಬರುತ್ತವೆ. ಅಲ್ಲಿ ಆರೂವರೆ ಅಡಿ. ಜೋಡಿ ಚಕ್ರದ ಗಾಡಿಯ ಹಿಂಭಾಗ ಆರು ಅಡಿ ನಾಲ್ಕು ಇಂಚು. ಆ ಗೋಡೆಗೊಂದು ಇಂಚು, ಈ ಗೋಡೆಗೊಂದು ಇಂಚು ಉಳಿಯುತ್ತಿತ್ತು, ಅದೂ ಗಾಡಿ ತಿರುಗದೆ ನೆಟ್ಟಗೆ ಹೋದರೆ.

ನಿವೃತ್ತ ಮೇಷ್ಟ್ರು ಕಿಟಕಿಯಿಂದ ಇಣುಕಿ, "ಏನ್ ಟೈಲರೇ, ಓಣಿಗೆ ಕೋಟು ಹೊಲೀತೀರಾ?" ಅಂದರು. ಎಲ್ಲರೂ ನಕ್ಕೆವು. ನೀರಕ್ಕ ನಗಲಿಲ್ಲ. ಟೇಪಿನ ತುದಿಯನ್ನು ಗೋಡೆಗೊತ್ತಿ ಹಿಡಿದು ಅವಳು ಇನ್ನೊಂದು ಸಲ ಅಳೆದಳು.

ಯಾವ ಗಾಡಿಯೆಂದು ಶನಿವಾರದೊಳಗೆ ಷೋರೂಮಿಗೆ ತಿಳಿಸಬೇಕಿತ್ತು. ಬುಧವಾರ ಬಂತು.

ಬೆಳಿಗ್ಗೆ ಹತ್ತರ ಸುಮಾರು. ನಮಗೆ ನೀರು ಬಂದು ನಾಲ್ಕು ದಿನವಾಗಿತ್ತು. ಕೆಳಗಿನ ಮನೆಗಳಿಗೆ ಕೊಟ್ಟು ಮುಗಿಸಿ ಅವಳು ಅರ್ಧ ಟ್ಯಾಂಕಿನೊಂದಿಗೆ ಏರು ಹತ್ತುತ್ತಿದ್ದಳು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ಟ್ಯಾಂಕಿಗೂ ಅದೇ ಮಾತು. ಅರ್ಧವಾದಾಗಲೇ ಅದರ ಆರ್ಭಟ. ಗಾಡಿ ಮೂಲೆಗೆ ಬಂದು ಎಡಕ್ಕೆ ಹೊರಳಿದಾಗ ಪಟಾರನೆ ಸದ್ದಾಯಿತು. ನಾನು ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದೆ. ಹಿಂದಿನ ಎಡ ಚಕ್ರ ಸಿಡಿದು ಗಾಡಿ ಆ ಬದಿಗೆ ಕುಸಿಯಿತು. ಒಳಗಿನ ನೀರೆಲ್ಲ ದಬದಬನೆ ಅದೇ ಕಡೆಗೆ ನುಗ್ಗಿತು. ಟ್ಯಾಂಕು ಗಡಿಯಾರದವನ ಮನೆಯ ಗೋಡೆಗೆ ಹೋಗಿ ಆತುಕೊಂಡಿತು.

ಗೋಡೆಯಲ್ಲಿ ಬಿರುಕು ಕಾಣಿಸಿತು. ಹೆಬ್ಬೆರಳು ದಪ್ಪ, ಕಿಟಕಿಯ ಮೂಲೆಯಿಂದ ಕೆಳಕ್ಕೆ.

ಎಂಜಿನ್ನು ನಿಂತುಹೋಗಿತ್ತು. ಹ್ಯಾಂಡ್ ಬ್ರೇಕನ್ನು ನಂಬುವ ಕಾಲ ಎಂದೋ ಮುಗಿದಿತ್ತು. ಎಂಜಿನ್ನು ನಿಂತ ಮೇಲೆ ಕಾಲಿನ ಬ್ರೇಕು ಕಲ್ಲಿನಷ್ಟು ಬಿಗಿ. ಮೈಭಾರವನ್ನೆಲ್ಲ ಹಾಕಿ ಒತ್ತಬೇಕು. ನೀರಕ್ಕ ಸೀಟಿನಿಂದ ಅರ್ಧ ಎದ್ದು, ಸ್ಟೇರಿಂಗ್ ಹಿಡಿದು, ಎರಡೂ ಕಾಲನ್ನು ಅದರ ಮೇಲಿಟ್ಟು ನಿಂತುಬಿಟ್ಟಿದ್ದಳು. ಅವಳು ಮೊದಲು ಕೂಗಿದ್ದು ತನಗಾಗಿ ಅಲ್ಲ.

"ಅಜ್ಜಿ! ಅಜ್ಜಿ ಒಳಗಿದ್ದಾರೆ! ಗೋಡೆ ಪಕ್ಕಾನೇ ಮಂಚ!"

ಗಡಿಯಾರದವನ ತಾಯಿ ಎರಡು ವರ್ಷದಿಂದ ಹಾಸಿಗೆ ಹಿಡಿದವರು. ಮಗ ಬೆಳಿಗ್ಗೆ ಹೊರಗಿನಿಂದ ಬೀಗ ಹಾಕಿ ಅಂಗಡಿಗೆ ಹೋದರೆ ಮಧ್ಯಾಹ್ನಕ್ಕೇ ಬರುವುದು. ಇನ್ನೊಂದು ಬೀಗದ ಕೈ ಇದ್ದದ್ದು ನಮ್ಮ ಮನೆಯಲ್ಲಿ. ಎಲ್ಲಿ? ಮೊಳೆಗೆ ನೇತುಹಾಕಿದ್ದೆ, ಮೊಳೆಯಲ್ಲಿರಲಿಲ್ಲ. ಬಕೆಟ್ ಎಸೆದು ಒಳಗೆ ಓಡಿ ಡ್ರಾಯರುಗಳನ್ನು ನೆಲಕ್ಕೆ ಸುರಿದೆ. ಕೊನೆಗೆ ನನ್ನ ಹೆಂಡತಿ ಟೀ ಪುಡಿಯ ಡಬ್ಬಿಯ ಹಿಂದಿನಿಂದ ತೆಗೆದು ಕೈಗಿಟ್ಟಳು. ಓಡಿಹೋಗಿ ಬೀಗ ತೆಗೆದೆ.

ಒಳಗೆ ಹೋದಾಗ ಹಾಸಿಗೆಯ ಮೇಲೆಲ್ಲ ಸುಣ್ಣದ ಪುಡಿ ಉದುರಿತ್ತು. ಗೋಡೆ ಹೊಟ್ಟೆ ಬಿಟ್ಟಂತೆ ಒಳಕ್ಕೆ ಉಬ್ಬಿತ್ತು. ಅಜ್ಜಿ ಕಣ್ಣು ಬಿಟ್ಟುಕೊಂಡು ಮಲಗಿದ್ದರು.

"ಯಾರಪ್ಪಾ ಅದು? ನೀರು ಬಂತಾ?"

"ಬಂತು ಅಜ್ಜಿ. ಬನ್ನಿ, ಹೊರಗೆ ಹೋಗೋಣ."

"ತಾಳು, ಕನ್ನಡಕ ಕೊಡು."

ಕನ್ನಡಕಕ್ಕೆ ಕಾಯಲಿಲ್ಲ. ದುಪ್ಪಟಿ ಸಮೇತ ಎತ್ತಿಕೊಂಡೆ. ಬಾಗಿಲು ದಾಟುವಾಗ ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿ ನೋಡಲಿಲ್ಲ. ಆಮೇಲೆ ನೋಡಿದರೆ ಅವರ ದಿಂಬಿನ ಮೇಲೆ ಅಂಗೈಯಗಲದ ಗಾರೆ ಚಕ್ಕೆ ಬಿದ್ದಿತ್ತು.

ಅಜ್ಜಿ ಹೊರಬಂದದ್ದನ್ನು ಕನ್ನಡಿಯಲ್ಲಿ ಕಂಡ ಮೇಲೆ ನೀರಕ್ಕನ ಧ್ವನಿ ಬದಲಾಯಿತು. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹೇಳಿದಳು. ಬಲ ಚಕ್ರದ ಹಿಂದೆ ದಪ್ಪ ಕಲ್ಲು ಕೊಡಿ, ಪಕ್ಕದಿಂದ ಕೊಡಿ, ಹಿಂದೆ ನಿಲ್ಲಬೇಡಿ. ಮೇಷ್ಟ್ರೇ, ಆ ಬದಿಯಿಂದ ಕೈ ಚಾಚಿ ಟ್ಯಾಂಕಿನ ನಲ್ಲಿಯ ತಿರುಪು ತೆಗೆಯಿರಿ, ಒಂದೇ ಸಲಕ್ಕೆ ಬೇಡ. ಮೇಷ್ಟ್ರಿಗೆ ಅರವತ್ತೆಂಟು. ನಮಗೆಲ್ಲ ಬುದ್ಧಿ ಹೇಳುತ್ತಿದ್ದ ಮನುಷ್ಯ ಶಾಲೆಯ ಹುಡುಗನಂತೆ "ಹ್ಞೂಂ, ಹ್ಞೂಂ" ಅನ್ನುತ್ತ ಹೇಳಿದಷ್ಟನ್ನೇ ಮಾಡಿದರು.

ನೀರು ಸುರಿಯತೊಡಗಿತು. ನಾಲ್ಕು ದಿನ ಕಾದ ನೀರು ಚರಂಡಿಗೆ ಹರಿಯುವುದನ್ನು ಕಂಡು ಯಾರೋ ಕೂಗಿದರು: "ಅಯ್ಯೋ, ಹಿಡ್ಕೊಳ್ರೋ!" ಅಷ್ಟೇ ಸಾಕಾಯಿತು. ಬಿಂದಿಗೆ, ಬಕೆಟ್ಟು, ಸಾರಿನ ಪಾತ್ರೆ, ಎಲ್ಲ ಗಾಡಿಯ ಹಿಂದಕ್ಕೆ ನುಗ್ಗಿದವು. ಸುಳ್ಳು ಯಾಕೆ ಹೇಳಲಿ, ನಮ್ಮ ಮನೆಯ ಬಿಂದಿಗೆಯೂ ಅಲ್ಲಿತ್ತು.

"ಹಿಂದೆ ಬರಬೇಡೀ! ನಿಮ್ಮ ಕಾಲಿಗೆ ಬೀಳ್ತೀನಿ, ಹಿಂದೆ ಬರಬೇಡೀ! ನನ್ನ ಕಾಲು ಜಾರಿದ್ರೆ ಎಲ್ಲರೂ ಹೋಗ್ತೀರಿ!"

ಆ ಕೂಗಿಗೆ ಬಿಂದಿಗೆಗಳು ಒಂದೊಂದಾಗಿ ಹಿಂದೆ ಸರಿದವು. ಟ್ಯಾಂಕು ಖಾಲಿಯಾಗುವವರೆಗೆ ನೀರು ಹರಿಯುವ ಸದ್ದು, ಆಗಾಗ ಗೋಡೆಯಿಂದ ಮಣ್ಣು ಉದುರುವ ಸದ್ದು. ಮೇಷ್ಟ್ರ ಕೈಗಡಿಯಾರದ ಪ್ರಕಾರ ಒಟ್ಟು ಇಪ್ಪತ್ತೇಳು ನಿಮಿಷ ಅವಳು ಆ ಬ್ರೇಕಿನ ಮೇಲೆ ನಿಂತಿದ್ದಳು. ನಾಲ್ಕೂ ಕಡೆ ಕಲ್ಲು ಕೊಟ್ಟು, "ಬಿಡಿ ಅಕ್ಕ, ಇನ್ನು ಬಿಡಿ" ಅಂದರೂ ಅವಳ ಕಾಲು ಬಿಡಲಿಲ್ಲ. ಇಬ್ಬರು ಹೆಂಗಸರು ಹತ್ತಿ ಹಿಡಿದು ಇಳಿಸಿದರು.

ಅಣ್ಣ ಜಾಕು ತೆಗೆದುಕೊಂಡು ಓಡಿಬಂದ. ಸಿಡಿದ ಟೈರನ್ನು ತಿರುಗಿಸಿ ನೋಡಿದ. ಒಳಗಿನ ದಾರ ಹೊರಗೆ ಕಾಣುತ್ತಿತ್ತು.

"ಹೋದ ತಿಂಗಳೇ ಬದಲಾಯ್ಸು ಅಂದಿದ್ನಲ್ಲೇ!"

"ಹೊಸ ಗಾಡಿ ಬರುತ್ತಲ್ಲ ಅಂತ..." ಅವಳಿಗೆ ಮುಂದೆ ಹೇಳಲಾಗಲಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದು ಗಡಿಯಾರದವನು ಬಂದ. ತಾಯಿಯನ್ನು ನಮ್ಮ ಮನೆಯಲ್ಲಿ ನೋಡಿ, ಆಮೇಲೆ ಆ ದಿಂಬನ್ನು ನೋಡಿ, ಬಾಯಿಗೆ ಬಂದದ್ದೆಲ್ಲ ಅಂದ. ಅವಳು ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡಳು. "ನಂದೇ ತಪ್ಪು" ಎಂದಷ್ಟೇ ಹೇಳಿದಳು. ಮರುದಿನವೇ ಗಾರೆಯವನನ್ನು ಕರೆತಂದು ಗೋಡೆಗೆ ಕೆಲಸ ಹಿಡಿಸಿದಳು.

ಶುಕ್ರವಾರ ಅಣ್ಣ ಮತ್ತೆ ಅವಳ ಮನೆಗೆ ಹೋದ. ನಾನು ಹೇಳಿರಲಿಲ್ಲವಾ ಎನ್ನುವ ಮಾತು ಟೈಲರನ ನಾಲಿಗೆಯ ತುದಿಯಲ್ಲಿತ್ತಂತೆ, ನುಂಗಿಕೊಂಡನಂತೆ.

"ನೋಡು ತಂಗೀ," ಅಂದ ಅಣ್ಣ, "ತಪ್ಪು ಟೈರ್‌ದು, ಗಾಡೀದಲ್ಲ. ಹೊಸ ಟೈರ್ ಇದ್ದಿದ್ರೆ ಸಿಂಗಲ್ಲಲ್ಲೂ ಏನೂ ಆಗ್ತಿರಲಿಲ್ಲ. ಹೆದರಿಕೆಯಲ್ಲಿ ತೀರ್ಮಾನ ಮಾಡ್ಬೇಡ."

"ಹೊಸ ಟೈರೂ ಒಂದಿನ ಹಳೇದಾಗುತ್ತಣ್ಣ. ಅವತ್ತು ನಾನು ಮತ್ತೆ ನಾಳೆ ನೋಡೋಣ ಅಂತೀನಿ. ನನ್ನ ಗುಣ ನನಗೆ ಗೊತ್ತು."

"ಹಂಗಾದ್ರೆ ಆ ಓಣಿ?"

"ಹತ್ತಲ್ಲ."

ಶನಿವಾರ ಜೋಡಿ ಚಕ್ರದ ಗಾಡಿಯನ್ನೇ ಹೇಳಿಬಂದಳು. ಭಾನುವಾರ ನಮ್ಮನ್ನೆಲ್ಲ ಕೆಳಗಿನ ರಸ್ತೆಗೆ ಕರೆದು, ಇನ್ನು ಗಾಡಿ ಮೇಲೆ ಬರುವುದಿಲ್ಲ, ಕೆಳಗೆ ನಿಲ್ಲಿಸಿ ಪಂಪು ಹಾಕಿ ಪೈಪಿನಲ್ಲಿ ಏರಿಸುತ್ತೇನೆ, ಪ್ರತಿ ಮನೆಗೂ ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ ಎಂದಳು. ಓಣಿ ಉರಿದುಬಿತ್ತು. ಪೈಪು ತುಳಿಯುವವರು ಯಾರು, ಸೋರಿದರೆ ಯಾರ ಲೆಕ್ಕ, ಹದಿನಾಲ್ಕು ವರ್ಷ ಇಲ್ಲದ ಭಯ ಈಗೇಕೆ? ಬುಧವಾರ ಅವಳ ಕೂಗಿಗೆ ಹಿಂದೆ ಸರಿದವರೇ ಅವರು. ನಾನು ಅವಳ ಪರ ಮಾತಾಡಬೇಕಿತ್ತು. ಸುಮ್ಮನಿದ್ದೆ.

ಮೂವತ್ತೊಂದು ಮನೆಗಳಲ್ಲಿ ಒಂಬತ್ತು ಬೇರೆಯವನನ್ನು ಹಿಡಿದವು. ಅವನದು ಒಂಟಿ ಚಕ್ರದ ಗಾಡಿ, ಬಾಗಿಲಿಗೇ ಬರುತ್ತದೆ. ನಮ್ಮ ಮನೆಯೂ ಆ ಒಂಬತ್ತರಲ್ಲಿ ಸೇರಿತು. ಪ್ರತಿ ಸಲ ಪೈಪು ಎಳೆದು ತರಲಾಗುವುದಿಲ್ಲ ಎಂದು ನನ್ನ ಹೆಂಡತಿ ಹಟ ಹಿಡಿದಳು. ಗಡಿಯಾರದವನು ಮಾತ್ರ ನೀರಕ್ಕನನ್ನು ಬಿಡಲಿಲ್ಲ. ಪೈಪಿನ ಮೊದಲ ಕೀಲು ಅವನ ಕಿಟಕಿಯ ಕೆಳಗೇ ಕೂತಿದೆ, ಅವನೇ ಕೂರಿಸಿದ್ದು.

ಈಗಲೂ ಬೆಳಿಗ್ಗೆ ಹತ್ತಕ್ಕೆ ಅವಳ ಗಾಡಿ ಕೆಳಗಿನ ರಸ್ತೆಯಲ್ಲಿ ನಿಲ್ಲುತ್ತದೆ. ಅವಳು ಚೀಲ ಹಾಸಿ ಮಲಗಿ ಒಳಗಿನ ಚಕ್ರಗಳಿಗೆ ಕೋಲಿನಿಂದ ಬಡಿದು ಸದ್ದು ಕೇಳುತ್ತಾಳೆ, ಆಮೇಲೆ ಪಂಪು ಹಾಕುತ್ತಾಳೆ. ಆ ಇನ್ನೊಬ್ಬನ ಗಾಡಿ ಪಕ್ಕದಿಂದ ಓಣಿಯೊಳಗೆ ಹೊಕ್ಕರೆ ಪಂಪು ನಿಲ್ಲಿಸಿಬಿಡುತ್ತಾಳೆ. ಅವನ ಎಂಜಿನ್ನು ಮೂಲೆಯಲ್ಲಿ ಹೊರಳಿ, ಏರು ಮುಗಿಸಿ, ಮೇಲೆ ನಿಲ್ಲುವವರೆಗೆ ಕಿವಿಗೊಟ್ಟು ಕೂರುತ್ತಾಳೆ. ನಾಲ್ಕು ನಿಮಿಷವಾಗುತ್ತದೆ. ನೀರು ನಿಂತದ್ದಕ್ಕೆ ಮನೆಗಳಿಂದ ಕೂಗು ಬರುತ್ತದೆ. ಅವಳು ಮೇಲಿನ ಸದ್ದು ಅಡಗಿದ ಮೇಲೆಯೇ ಮತ್ತೆ ಪಂಪಿನ ಗುಂಡಿ ಒತ್ತುತ್ತಾಳೆ.